ಗೋಡೆಯ ಮೇಲಿನ ಚಾರ್ಟು, ಮಕ್ಕಳ ಬಾಯಲ್ಲಿನ ಇಂಗ್ಲಿಷ್

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಶಿಕ್ಷಕಿ. ಮಕ್ಕಳೆಲ್ಲ ಕನ್ನಡ ಮಾಧ್ಯಮದವರು. ಒಂಬತ್ತನೆಯ ತರಗತಿಯಲ್ಲಿ 38 ಮಂದಿ ಇದ್ದಾರೆ. ವ್ಯಾಕರಣದ ಪ್ರತಿಯೊಂದು ಅಂಶಕ್ಕೂ ಚಾರ್ಟು ಬರೆದು ಗೋಡೆ ತುಂಬಿಸಿದ್ದೇನೆ. ಮಕ್ಕಳು ಪ್ರಶ್ನೋತ್ತರಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ, ಆದರೆ ಸ್ವಂತವಾಗಿ ಒಂದು ವಾಕ್ಯ ಹೇಳಲಾರರು. ಈಗ ಹಳೆಯ ವಿದ್ಯಾರ್ಥಿಗಳು ಬೋಧನೋಪಕರಣಕ್ಕೆಂದು ಹತ್ತು ಸಾವಿರ ರೂಪಾಯಿ ಕೊಡಲು ಮುಂದೆ ಬಂದಿದ್ದಾರೆ. ಪ್ರೊಜೆಕ್ಟರು ಕೊಳ್ಳಲೇ, ಅಚ್ಚಾದ ಚಾರ್ಟುಗಳನ್ನು ತರಿಸಲೇ? ಪಾಠ ಮುಗಿಸುವ ಒತ್ತಡದ ನಡುವೆ ಅವುಗಳನ್ನು ಬಳಸುವುದು ಹೇಗೆ?

ಉತ್ತರ: ಮೇಡಂ, ಹತ್ತು ಸಾವಿರ ರೂಪಾಯಿಯ ಲೆಕ್ಕಕ್ಕೆ ನಾನು ಕೊನೆಯಲ್ಲಿ ಬರುತ್ತೇನೆ. ಉಪಕರಣ ಯಾರ ಕೈಯಲ್ಲಿರಬೇಕು ಎಂಬುದು ಮೊದಲು ತೀರ್ಮಾನವಾಗದೆ ಏನು ಕೊಳ್ಳಬೇಕೆಂಬುದು ತಿಳಿಯುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅರಸೀಕೆರೆ ಕಡೆಯ ಶಾಲೆಯೊಂದರಲ್ಲಿ, ಎರಡು ರಾತ್ರಿ ಕುಳಿತು ಥರ್ಮಾಕೋಲ್ ಹಲಗೆಯ ಮೇಲೆ ಇಂಗ್ಲಿಷಿನ ಹನ್ನೆರಡು ಕಾಲರೂಪಗಳ ಕೋಷ್ಟಕವೊಂದನ್ನು ಮಾಡಿದ್ದೆ. ಅಂಚಿಗೆ ಬಣ್ಣದ ಕಾಗದ, ಪ್ರತಿ ಕಾಲಕ್ಕೂ ಬೇರೆ ಬೇರೆ ಶಾಯಿ, ಕೆಳಗೆ ನನ್ನ ಹೆಸರು. ಪರಿವೀಕ್ಷಣೆಗೆ ಬಂದವರು ಅದನ್ನು ನೋಡಿ ಸಂದರ್ಶಕರ ಪುಸ್ತಕದಲ್ಲಿ ಮೆಚ್ಚುಗೆ ಬರೆದು ಹೋದರು. ಮರುದಿನ ನಾನು ‘ವಾಟ್ ಡಿಡ್ ಯು ಈಟ್ ದಿಸ್ ಮಾರ್ನಿಂಗ್’ ಎಂದು ಕೇಳಿದಾಗ, ಉತ್ತರಕ್ಕೆ ಬೇಕಾದ ಕ್ರಿಯಾಪದ ಆ ಕೋಷ್ಟಕದಲ್ಲಿ ಕಣ್ಣೆದುರೇ ತೂಗುತ್ತಿದ್ದರೂ, ತರಗತಿಯೆಲ್ಲ ಒಟ್ಟಾಗಿ ‘ಸರ್, ಉಪ್ಪಿಟ್ಟು’ ಎಂದಿತು. ಕೋಷ್ಟಕ ಮಾಡುವಾಗ ಕಾಲಗಳ ಬಗ್ಗೆ ಯೋಚಿಸಿದವನು ನಾನು, ಬರೆದವನು ನಾನು, ಅಂಟಿಸಿದವನೂ ನಾನೇ. ಆದ್ದರಿಂದ ಅದರಿಂದ ಕಲಿತದ್ದೇನಾದರೂ ಇದ್ದರೆ ಅದು ನನ್ನ ಪಾಲಿಗೇ ಬಂದಿತ್ತು. ನಿಮ್ಮ ಗೋಡೆಯ ಮೇಲಿನ ಚಾರ್ಟುಗಳೂ ಬಹುಶಃ ಇದೇ ಜಾತಿಯವು. ಅವು ತಪ್ಪೆಂದು ನಾನು ಹೇಳುತ್ತಿಲ್ಲ. ಮೂರು ದಿನ ಒಂದೇ ಜಾಗದಲ್ಲಿ ತೂಗಿದ ಚಾರ್ಟು ಮಕ್ಕಳ ಕಣ್ಣಿಗೆ ಸುಣ್ಣದ ಗೋಡೆಯಷ್ಟೇ ಆಗಿಬಿಡುತ್ತದೆ ಎಂಬುದು ಮಾತ್ರ ನನ್ನ ಅನುಭವ.

ಹಾಗಾಗಿ ಯಾವ ಉಪಕರಣ ಕಂಡರೂ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಅದು ಎದುರಿಗಿರುವ ಹತ್ತು ನಿಮಿಷದಲ್ಲಿ ಇಂಗ್ಲಿಷ್ ಯಾರ ಬಾಯಿಂದ ಹೊರಟಿತು? ಮೇಷ್ಟರ ಬಾಯಿಂದಲೇ ಹೊರಟಿದ್ದರೆ ಅದು ಬೋಧನೋಪಕರಣ ನಿಜ, ಆದರೆ ಕಲಿಕೋಪಕರಣವಾಗಿಲ್ಲ.

ತರಬೇತಿಗಳಲ್ಲಿ ನೀವು ಕೇಳಿರಬಹುದಾದ ಒಂದು ಮಾತನ್ನು ಇಲ್ಲೇ ತಿದ್ದಿಬಿಡುತ್ತೇನೆ. ಓದಿದ್ದರಲ್ಲಿ ಶೇಕಡಾ 10, ಕೇಳಿದ್ದರಲ್ಲಿ 20, ನೋಡಿದ್ದರಲ್ಲಿ 30, ಮಾಡಿದ್ದರಲ್ಲಿ 90 ನೆನಪಿರುತ್ತದೆ ಎಂದು ಶಂಕುವಿನ ಚಿತ್ರ ಬರೆದು ಹೇಳುವ ವಾಡಿಕೆಯಿದೆ. ಆ ಶಂಕು ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ 1946ರಲ್ಲಿ ಕೊಟ್ಟದ್ದು. ಆದರೆ ಅದರಲ್ಲಿ ಅಂಕಿಗಳೇ ಇರಲಿಲ್ಲ, ಯಾರೋ ನಂತರ ಸೇರಿಸಿದ ಅಂಕಿಗಳವು. ನಾನೂ ಹಲವು ವರ್ಷ ತರಬೇತಿಗಳಲ್ಲಿ ಅದನ್ನೇ ಗಿಣಿಪಾಠದಂತೆ ಹೇಳಿದ್ದೇನೆ, ಆ ಮುಜುಗರ ನನಗೆ ಇಂದಿಗೂ ಇದೆ. ಈ ಅಂಕಿಗಳನ್ನು ನಂಬಿದರೆ ‘ನೋಡಿದರೆ ಸಾಕು, ಕಲಿಯುತ್ತಾರೆ’ ಎಂಬ ಭ್ರಮೆ ಹುಟ್ಟುತ್ತದೆ, ಹಣವೆಲ್ಲ ಪರದೆಗೆ ಹೋಗುತ್ತದೆ.

ಇನ್ನೊಂದು ಎಚ್ಚರಿಕೆ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಭಾಷೆಯಾಗಿ ಕಲಿಸಲಾಗುತ್ತಿದೆ. ಅಂದರೆ ನಿಮ್ಮ ಒಂಬತ್ತನೆಯ ತರಗತಿಯ ಮಗು ಎಂಟು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದು ಬಂದಿದೆ. ಅದಕ್ಕೆ ಸೇಬಿನ ಚಿತ್ರ ತೋರಿಸಿ ‘ಆಪಲ್’ ಎನ್ನಿಸುವ ಮಿಂಚುಪಟ್ಟಿಯ (ಫ್ಲ್ಯಾಶ್ ಕಾರ್ಡಿನ) ಅಗತ್ಯವಿಲ್ಲ. ಹಾಗೆ ಮಾಡಿದರೆ ಹದಿನಾಲ್ಕು ವರ್ಷದ ಹುಡುಗರಿಗೆ ಅವಮಾನವೂ ಆಗುತ್ತದೆ. ಅವರ ಬಳಿ ಪದಗಳಿವೆ. ಪದಗಳನ್ನು ಜೋಡಿಸುವ ಧೈರ್ಯವೂ ಜೋಡಿಸಬೇಕಾದ ಕಾರಣವೂ ಇಲ್ಲ.

ಜೋಡಣೆಯಿಂದಲೇ ಆರಂಭಿಸೋಣ. ಕನ್ನಡದ ಮಗು ಇಂಗ್ಲಿಷ್ ವಾಕ್ಯದಲ್ಲಿ ಎಡವುವುದು ದಡ್ಡತನದಿಂದಲ್ಲ, ತನ್ನ ಭಾಷೆಯ ಒಳ್ಳೆಯ ಅಭ್ಯಾಸದಿಂದ. ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಂಡಿರುವುದರಿಂದ ಪದಗಳನ್ನು ಹಿಂದೆ ಮುಂದೆ ಮಾಡಿದರೂ ಅರ್ಥ ಕೆಡುವುದಿಲ್ಲ. ಇದನ್ನು ವಿವರಿಸಲು ಹೋದರೆ ಅರ್ಧ ಪೀರಿಯಡ್ ಬೇಕು. ತೋರಿಸಲು ಆರು ಕಾಗದದ ಪಟ್ಟಿ ಸಾಕು. ಮೂರು ಪಟ್ಟಿಗಳಲ್ಲಿ ಕನ್ನಡದಲ್ಲಿ ‘ಆನೆ’, ‘ಲಾರಿಯನ್ನು’, ‘ಅಟ್ಟಿಸಿಕೊಂಡು ಹೋಯಿತು’ ಎಂದು ದಪ್ಪಕ್ಷರದಲ್ಲಿ ಬರೆದು ಮೂವರು ಮಕ್ಕಳ ಕೈಗೆ ಕೊಟ್ಟು ಬೋರ್ಡಿನ ಮುಂದೆ ನಿಲ್ಲಿಸಿ. ಮೊದಲ ಇಬ್ಬರು ಜಾಗ ಬದಲಿಸಲಿ: ‘ಲಾರಿಯನ್ನು ಆನೆ ಅಟ್ಟಿಸಿಕೊಂಡು ಹೋಯಿತು.’ ಅರ್ಥ ಬದಲಾಯಿತೇ? ಇಲ್ಲ. ಈಗ ಇಂಗ್ಲಿಷ್ ಪಟ್ಟಿಗಳು: ‘ದಿ ಎಲಿಫೆಂಟ್’, ‘ಚೇಸ್ಡ್’, ‘ದಿ ಲಾರಿ’. (ಓದುಗರ ಅನುಕೂಲಕ್ಕಾಗಿ ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ತರಗತಿಯ ಪಟ್ಟಿಗಳು ಇಂಗ್ಲಿಷ್ ಲಿಪಿಯಲ್ಲೇ ಇರಲಿ, ಗೈಡುಗಳ ಆ ಚಾಳಿ ನಮಗೆ ಬೇಡ.) ಆನೆಯೂ ಲಾರಿಯೂ ಜಾಗ ಬದಲಿಸುತ್ತಿದ್ದಂತೆ ಸಕಲೇಶಪುರದ ಬಳಿಯ ಶಾಲೆಯೊಂದರಲ್ಲಿ ಹಿಂದಿನ ಬೆಂಚಿನಿಂದ ‘ಸಾರ್, ಲಾರಿನೇ ಆನೇನ ಓಡಿಸ್ಕೊಂಡ್ ಹೋಯ್ತು!’ ಎಂಬ ಕೂಗು ಬಂತು. ಕಾಡಾನೆಯ ಕಾಟ ಕಂಡ ಊರಿನ ಮಕ್ಕಳಿಗೆ ಅದಕ್ಕಿಂತ ದೊಡ್ಡ ತಮಾಷೆ ಇನ್ನೊಂದಿಲ್ಲ. ‘ಅನ್ನು’ ಎಂಬ ಪ್ರತ್ಯಯ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಪದದ ಜಾಗವೇ ಮಾಡುತ್ತದೆ ಎಂಬ ಸೂಕ್ಷ್ಮವನ್ನು ಆ ಹುಡುಗ ಯಾರೂ ಹೇಳದೆ ಕಂಡುಕೊಂಡಿದ್ದ.

ಮರುದಿನ ಕತ್ತರಿ ತನ್ನಿ. ‘ಹಾಸನಕ್ಕೆ’ ಎಂದು ಬರೆದ ಪಟ್ಟಿಯಿಂದ ‘ಕ್ಕೆ’ಯನ್ನು ಕತ್ತರಿಸಿ, ಅದರ ಹಿಂಬದಿಯಲ್ಲಿ ‘ಟು’ ಎಂದು ಬರೆದು, ಊರಿನ ಹೆಸರಿನ ಮುಂದಕ್ಕೆ ತಂದು ಇಡಿ. ‘ಹಾಸನದಿಂದ’ ಎಂಬುದರ ‘ಇಂದ’ವೂ ಹಾಗೆಯೇ ‘ಫ್ರಮ್’ ಆಗಿ ಮುಂದೆ ಬಂದು ಕುಳಿತುಕೊಳ್ಳುತ್ತದೆ. ಬಾಲ ತಲೆಗೆ ಬಂತು ಎಂದು ಮಕ್ಕಳು ತಾವೇ ಹೇಳುತ್ತಾರೆ. ಆದರೆ ಈ ಉಪಕರಣಕ್ಕೆ ಮಿತಿಯಿದೆ, ಅದನ್ನು ನೀವು ಮೊದಲೇ ಅರಿತಿರಬೇಕು: ನಮ್ಮ ‘ಅಲ್ಲಿ’ ಪ್ರತ್ಯಯ ಇಂಗ್ಲಿಷಿಗೆ ಹೋಗುವಾಗ ಒಂದೇ ಪದವಾಗಿ ಹೋಗುವುದಿಲ್ಲ. ‘ಹಾಸನದಲ್ಲಿ’ ಎಂಬುದಕ್ಕೆ ‘ಇನ್’, ‘ಬಸ್ ಸ್ಟ್ಯಾಂಡಿನಲ್ಲಿ’ ಎಂಬುದಕ್ಕೆ ‘ಅಟ್’, ‘ಬಸ್ಸಿನಲ್ಲಿ ಬಂದೆ’ ಎಂಬುದಕ್ಕೆ ‘ಬೈ’ ಬೇಕು. ಅಲ್ಲಿ ಕತ್ತರಿಯನ್ನು ಬದಿಗಿಟ್ಟು ಚಿತ್ರಕ್ಕೆ ಹೋಗಬೇಕು. ಉಪಕರಣ ತಪ್ಪು ನಿಯಮವನ್ನು ಕಲಿಸಿದರೆ ಅದನ್ನು ಅಳಿಸುವುದು ಉಪಕರಣವಿಲ್ಲದೆ ಕಲಿಸುವುದಕ್ಕಿಂತ ಕಷ್ಟ.

‘ಡಿಡ್ ಯು ವೆಂಟ್’, ‘ಡಸ್ ಶಿ ಗೋಸ್’ ಎಂಬ ತಪ್ಪುಗಳು ನಿಮ್ಮ ತರಗತಿಯಲ್ಲೂ ದಿನಕ್ಕೆ ಹತ್ತು ಬಾರಿ ಕೇಳಿಬರುತ್ತಿರಬೇಕು. ಇದಕ್ಕೆ ನಾನು ಬಳಸಿದ್ದು ಒಂದು ಸಣ್ಣ ಚೀಟಿ. ಒಬ್ಬ ಹುಡುಗಿಯ ಕೈಯಲ್ಲಿ ‘ಗೋ’ ಎಂಬ ಪಟ್ಟಿ, ಅದರ ತುದಿಗೆ ಕ್ಲಿಪ್ಪಿನಿಂದ ಸಿಕ್ಕಿಸಿದ ‘ಇ-ಎಸ್’ ಚೀಟಿ; ಅದೇ ‘ಶಿ ಗೋಸ್’. ಪ್ರಶ್ನೆ ಮಾಡಬೇಕಾದಾಗ ‘ಡು’ ಪಟ್ಟಿ ಹಿಡಿದವನು ಸಾಲಿನ ಮುಂದಕ್ಕೆ ಬಂದು ನಿಲ್ಲುತ್ತಾನೆ, ‘ಗೋ’ ತನ್ನ ಚೀಟಿಯನ್ನು ಕಳಚಿ ಅವನಿಗೆ ದಾಟಿಸಬೇಕು. ಇರುವುದು ಒಂದೇ ಚೀಟಿ, ಇಬ್ಬರೂ ಇಟ್ಟುಕೊಳ್ಳುವಂತಿಲ್ಲ. ಭೂತಕಾಲಕ್ಕೂ ಹೀಗೆಯೇ: ಹಳದಿ ಚೀಟಿ ‘ಗೋ’ ಬಳಿ ಇದ್ದರೆ ಅದು ‘ವೆಂಟ್’, ‘ಡು’ವಿಗೆ ಕೊಟ್ಟರೆ ಅದು ‘ಡಿಡ್’, ಇದು ಬರಿಯ ‘ಗೋ’. ಕೆಲವು ವಾರ ಕಳೆದ ಮೇಲೆ ಯಾರಾದರೂ ‘ಡಿಡ್ ಯು ವೆಂಟ್’ ಎಂದರೆ ಪಕ್ಕದವರೇ ‘ಚೀಟಿ ಕೊಟ್ಟಾಯ್ತಲ್ಲ’ ಎನ್ನುತ್ತಾರೆ.

ವಾಕ್ಯ ಕಟ್ಟಲು ಬಂದರೂ ಮಾತನಾಡಬೇಕಾದ ಕಾರಣ ಬೇಕಲ್ಲ. ಉತ್ತರ ಗೊತ್ತಿರುವ ಮೇಷ್ಟರು ಅದೇ ಉತ್ತರ ಗೊತ್ತಿರುವ ಮಕ್ಕಳನ್ನು ಪ್ರಶ್ನಿಸುವುದು ಸಂಭಾಷಣೆಯಾಗುವುದಿಲ್ಲ. ಇಬ್ಬರ ನಡುವೆ ಏನೋ ಒಂದು ಬಚ್ಚಿಟ್ಟಿರಬೇಕು. ಜೋಡಿಗೆ ಎರಡು ಹಾಳೆ ಮಾಡಿ. ವಿಷಯ ನಮ್ಮ ಜಿಲ್ಲೆಯದೇ ಇರಲಿ: ಬೇಲೂರಿನ ಚೆನ್ನಕೇಶವ ದೇವಾಲಯ, ಹಾಸನದಿಂದ ಸುಮಾರು 40 ಕಿಲೋಮೀಟರ್ ದೂರ, ಕಟ್ಟಿಸಿದವನು ವಿಷ್ಣುವರ್ಧನ, ವರ್ಷ 1117, ಶ್ರವಣಬೆಳಗೊಳದ ಗೊಮ್ಮಟ, ಎತ್ತರ 57 ಅಡಿ, ಮಾಡಿಸಿದವನು ಚಾವುಂಡರಾಯ, ಹಳೇಬೀಡು, ಬೇಲೂರಿನಿಂದ ಸುಮಾರು 16 ಕಿಲೋಮೀಟರ್, 2023ರಲ್ಲಿ ಬೇಲೂರು ಮತ್ತು ಸೋಮನಾಥಪುರದ ದೇವಾಲಯಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು. ಒಂದು ಹಾಳೆಯಲ್ಲಿ ದೂರ ಮತ್ತು ಎತ್ತರಗಳಿದ್ದು ಹೆಸರು, ವರ್ಷಗಳ ಜಾಗ ಖಾಲಿ ಇರಲಿ. ಇನ್ನೊಂದರಲ್ಲಿ ಅದರ ವಿರುದ್ಧ. ಇಬ್ಬರ ನಡುವೆ ಒಂದು ಸ್ಕೂಲ್ ಬ್ಯಾಗನ್ನು ಅಡ್ಡ ನಿಲ್ಲಿಸಿ, ಹಾಳೆ ಇಣುಕುವಂತಿಲ್ಲ. ‘ಹೂ ಬಿಲ್ಟ್ ಇಟ್’, ‘ಹೌ ಟಾಲ್ ಈಸ್ ಇಟ್’, ‘ಹೌ ಫಾರ್ ಈಸ್ ಇಟ್ ಫ್ರಮ್ ಹಾಸನ್’ ಎಂದು ಕೇಳದೆ ಖಾಲಿ ಜಾಗ ತುಂಬುವುದಿಲ್ಲ. ಬೇಕಾದ ಪ್ರಶ್ನೆಗಳನ್ನು ಮೊದಲ ಎರಡು ಬಾರಿ ಬೋರ್ಡಿನ ಮೇಲೆ ಬಿಡಿ, ಮೂರನೆಯ ಬಾರಿಗೆ ಅಳಿಸಿ. 38 ಮಕ್ಕಳಲ್ಲಿ 19 ಜೋಡಿಗಳು ಒಟ್ಟಿಗೆ ಮಾತನಾಡುವಾಗ ಪಕ್ಕದ ತರಗತಿಯವರು ಬಂದು ಗಲಾಟೆ ಎಂದು ಆಕ್ಷೇಪಿಸಬಹುದು. ಮುಖ್ಯೋಪಾಧ್ಯಾಯರಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಿ. ಕೆಲವು ಜೋಡಿಗಳು ಕನ್ನಡಕ್ಕೆ ಜಾರುತ್ತವೆ. ಜಾರಲಿ. ನಿಯಮ ಗೊತ್ತಾಗದಿದ್ದರೆ ಕನ್ನಡದಲ್ಲಿ ಕೇಳಲಿ, ಉತ್ತರವನ್ನು ಮಾತ್ರ ಇಂಗ್ಲಿಷ್ ಪ್ರಶ್ನೆಗೇ ಕೊಡಬೇಕೆಂದು ಒಪ್ಪಂದ ಮಾಡಿಕೊಳ್ಳಿ.

ಉಚ್ಚಾರಣೆಗೆ ಭಾಷಾ ಪ್ರಯೋಗಾಲಯ ಬೇಕೆಂದು ಅನೇಕರು ಭಾವಿಸಿದ್ದಾರೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಸಣ್ಣ ಕೈಗನ್ನಡಿ. ‘ವೆಸ್ಟ್’ ಎಂದು ಕನ್ನಡದಲ್ಲಿ ಬರೆದರೆ ಅದು ಪಶ್ಚಿಮವೋ ಒಳ ಅಂಗಿಯೋ ತಿಳಿಯುವುದಿಲ್ಲ, ಏಕೆಂದರೆ ಇಂಗ್ಲಿಷಿನ ಎರಡು ಧ್ವನಿಗಳಿಗೆ ನಮ್ಮಲ್ಲಿ ಇರುವುದು ಒಂದೇ ‘ವ’. ಒಂದರಲ್ಲಿ ಮೇಲಿನ ಹಲ್ಲು ಕೆಳದುಟಿಯನ್ನು ಮುಟ್ಟುತ್ತದೆ, ಇನ್ನೊಂದರಲ್ಲಿ ತುಟಿಗಳು ದುಂಡಗಾಗುತ್ತವೆ. ಇದನ್ನು ಕಿವಿ ಹಿಡಿಯುವುದಕ್ಕೆ ಮೊದಲು ಕಣ್ಣು ಹಿಡಿಯುತ್ತದೆ. ಪದದ ಕೊನೆಗೆ ‘ಉ’ ಸೇರಿಸಿ ‘ಬಸ್ಸು’, ‘ಬುಕ್ಕು’ ಎನ್ನುವುದು, ‘ಎಗ್’ ಎಂಬುದನ್ನು ‘ಯೆಗ್’ ಎನ್ನುವುದು ಇವೆಲ್ಲ ಕನ್ನಡದ ನಾಲಗೆಗೆ ಸಹಜ. ಅರ್ಥಕ್ಕೆ ತೊಡಕಾಗುವಷ್ಟನ್ನು ಮಾತ್ರ ತಿದ್ದಿ. ಉಳಿದದ್ದನ್ನು ಬಿಟ್ಟುಬಿಡಿ, ಉಚ್ಚಾರಣೆಗೆ ನಗೆಪಾಟಲಾದ ಮಗು ಮತ್ತೆ ಬಾಯಿ ತೆರೆಯುವುದಿಲ್ಲ.

ನೈಜ ವಸ್ತುಗಳ ಬಗ್ಗೆ ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಮಲೆನಾಡಿನ ಅಂಚಿನ ನಿಮ್ಮ ಊರಿನಲ್ಲಿ ಇದಕ್ಕೆ ಒಳ್ಳೆಯ ಸಾಮಗ್ರಿ ಮನೆಮನೆಯಲ್ಲಿದೆ. ಆಲೂಗಡ್ಡೆ, ಶುಂಠಿ, ಜೋಳ, ಕಾಫಿ ಬೆಳೆಯುವ ಮನೆಗಳಿಗೆ ವರ್ಷವಿಡೀ ಬರುವ ಇಂಗ್ಲಿಷ್ ಬರಹ ಯಾವುದು? ಔಷಧಿ ಡಬ್ಬಿಯ ಮೇಲಿನ ಲೇಬಲ್ಲು. ಡಬ್ಬಿಯನ್ನಾಗಲಿ ಖಾಲಿ ಬಾಟಲಿಯನ್ನಾಗಲಿ ಶಾಲೆಗೆ ತರಿಸಲೇಬಾರದು. ನೀವೇ ಗೊಬ್ಬರದ ಅಂಗಡಿಯಲ್ಲಿ ಲೇಬಲ್ಲಿನ ಫೋಟೊ ತೆಗೆದು ದೊಡ್ಡದಾಗಿ ಮುದ್ರಿಸಿ ಗುಂಪಿಗೊಂದು ಪ್ರತಿ ಕೊಡಿ. ನಮ್ಮ ದೇಶದಲ್ಲಿ ಕೀಟನಾಶಕದ ಲೇಬಲ್ಲಿನ ಮೇಲೆ ವಿಷದ ತೀವ್ರತೆ ತಿಳಿಸುವ ಬಣ್ಣದ ಗುರುತು ಇರಲೇಬೇಕು. ಕೆಂಪಿದ್ದರೆ ತಲೆಬುರುಡೆಯ ಚಿತ್ರದೊಡನೆ ‘ಪಾಯ್ಸನ್’, ಹಳದಿಗೂ ‘ಪಾಯ್ಸನ್’, ನೀಲಿಗೆ ‘ಡೇಂಜರ್’, ಹಸಿರಿಗೆ ‘ಕಾಷನ್’ ಎಂಬ ಪದಗಳಿರುತ್ತವೆ. ಹಸಿರೆಂದರೆ ಅಪಾಯವೇ ಇಲ್ಲ ಎಂದುಕೊಂಡಿರುವ ಮಕ್ಕಳಿಗೆ ‘ಕಾಷನ್’ ಎಂಬ ಪದದ ಅರ್ಥ ಹುಡುಕಲು ಅದೇ ಸಾಕಾದ ಕಾರಣ. ಕೆಳಗಿನ ಸಾಲುಗಳೆಲ್ಲ ಆಜ್ಞಾರ್ಥಕ ವಾಕ್ಯಗಳು: ಮಕ್ಕಳ ಕೈಗೆ ಸಿಗದಂತೆ ಇಡಿ, ಕೈಗವಸು ಹಾಕಿಕೊಳ್ಳಿ, ಸಿಂಪಡಿಸುವಾಗ ಧೂಮಪಾನ ಮಾಡಬೇಡಿ. ಐದು ಪ್ರಶ್ನೆ ಕೊಟ್ಟು ಉತ್ತರ ಹುಡುಕಿಸಿ, ಪೂರ್ತಿ ಅನುವಾದ ಬೇಡ. ಇಂಥ ಒಂದು ಪಾಠದಲ್ಲಿ ನಾನು ಹಿಂದೆ ಕುಳಿತಿದ್ದಾಗ, ಜೂನ್‌ನಿಂದ ಬಾಯಿ ಬಿಟ್ಟಿಲ್ಲವೆಂದು ಶಿಕ್ಷಕರು ಹೇಳಿದ್ದ ಹುಡುಗನೊಬ್ಬ ಬೆರಳನ್ನು ಒಂದು ಪದದ ಕೆಳಗಿಟ್ಟುಕೊಂಡು ‘ಆ್ಯಂಟಿಡೋಟ್ ಅಂದ್ರೇನು ಸಾರ್?’ ಎಂದು ಕೇಳಿದ. ಅವನ ತಂದೆ ಬಾಡಿಗೆಗೆ ಔಷಧಿ ಹೊಡೆಯುವವರು. ವಿಷಕ್ಕೆ ಪ್ರತಿಮದ್ದು ಎಂಬ ಅರ್ಥದ ಆ ಪದ ಅವನ ಪಠ್ಯಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ.

ಬಸ್ ಟಿಕೆಟು, ಬೀಜದ ಪೊಟ್ಟಣ, ಮಾತ್ರೆಯ ಹಾಳೆ, ಬೇಲೂರಿನ ದೇವಾಲಯದ ಆವರಣದಲ್ಲಿರುವ ಪುರಾತತ್ವ ಇಲಾಖೆಯ ಫಲಕದ ಫೋಟೊ ಇವೆಲ್ಲವನ್ನೂ ಹೀಗೆಯೇ ಬಳಸಬಹುದು.

ಪಾಠ ಮುಗಿಸುವ ಒತ್ತಡದ ಬಗ್ಗೆ ಕೇಳಿದ್ದೀರಿ. ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕದ ಲಿಖಿತ ಪರೀಕ್ಷೆ, 20 ಅಂಕದ ಆಂತರಿಕ ಮೌಲ್ಯಮಾಪನ. ಆ 80ರಲ್ಲಿ ಕಾಣದ ಗದ್ಯಭಾಗ, ಪತ್ರಲೇಖನ, ಚಿತ್ರ ನೋಡಿ ಬರೆಯುವುದು ಇಂಥವು ಬಾಯಿಪಾಠಕ್ಕೆ ಸಿಗುವುದಿಲ್ಲ. ಮೇಲೆ ಹೇಳಿದ ಚಟುವಟಿಕೆಗಳು ನೇರವಾಗಿ ಅಲ್ಲಿಗೇ ಹೋಗಿ ಸೇರುತ್ತವೆ. ಪೀರಿಯಡ್ಡಿನ ಮೊದಲ ಹತ್ತು ನಿಮಿಷವನ್ನಷ್ಟೇ ಇದಕ್ಕೆ ಮೀಸಲಿಡಿ, ವಾರಕ್ಕೆ ಒಂದು ಉಪಕರಣ ಸಾಕು. ದಿನಕ್ಕೊಂದು ಹೊಸದು ತಂದರೆ ಮಕ್ಕಳು ಆಟದ ನಿಯಮ ಕಲಿಯುವುದರಲ್ಲೇ ಸಮಯ ಕಳೆಯುತ್ತಾರೆ. ಇನ್ನೂ ಆಳವಾಗಿ ಕಲಿಯುವ ಮನಸ್ಸಿದ್ದರೆ 1963ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಶಿಕ್ಷಕರ ತರಬೇತಿಗೆ ಹೆಸರು ಕೊಡಿ, ಹಾಸನದ ಡಯಟ್‌ನಲ್ಲೂ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ವಿಚಾರಿಸಿ.

ಇನ್ನು ಹಣದ ಮಾತು. ಪ್ರೊಜೆಕ್ಟರು ಬೇಡ. ಅಷ್ಟು ಹಣಕ್ಕೆ ಬರುವ ಯಂತ್ರದ ಬೆಳಕು ಹಗಲಿನ ಕೊಠಡಿಯಲ್ಲಿ ಸರಿಯಾಗಿ ಕಾಣುವುದಿಲ್ಲ, ಮಳೆಗಾಲದಲ್ಲಿ ಕರೆಂಟು ಇರುವುದು ಯಾವಾಗಲೋ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪ್‌ನಲ್ಲಿ ಸಿಗುವ ಸಾಮಗ್ರಿಯನ್ನು ನಿಮ್ಮ ಫೋನಿನಿಂದಲೇ ಕೇಳಿಸಬಹುದು. ಆದ್ದರಿಂದ ಬ್ಯಾಟರಿಯ ಸಣ್ಣ ಸ್ಪೀಕರ್ ಒಂದನ್ನು ಕೊಳ್ಳಿ. ವಿಡಿಯೊ ತೋರಿಸುವ ಸಂದರ್ಭ ಬಂದರೆ ಎರಡು ನಿಮಿಷಕ್ಕೆ ನಿಲ್ಲಿಸಿ ‘ಮುಂದೇನಾಗಬಹುದು’ ಎಂದು ಕೇಳಿ; ನಲವತ್ತು ನಿಮಿಷದ ವಿಡಿಯೊ ಮೇಷ್ಟರಿಗೆ ವಿಶ್ರಾಂತಿ ಕೊಡುತ್ತದೆ, ಅಷ್ಟೆ. ಮುಂದೆ ಇಂಗ್ಲಿಷ್-ಕನ್ನಡ ನಿಘಂಟು ಐದು, ಕೈಗನ್ನಡಿ ಹತ್ತು, ದಪ್ಪ ತುದಿಯ ಸ್ಕೆಚ್ ಪೆನ್ನುಗಳು, ಬಟ್ಟೆ ಕ್ಲಿಪ್ಪುಗಳು. ಮಿಕ್ಕ ಹಣದಲ್ಲಿ ಮಕ್ಕಳು ತಾವೇ ಓದಬಹುದಾದ ತೆಳು ಇಂಗ್ಲಿಷ್ ಕಥೆಪುಸ್ತಕಗಳು, ಒಂದೇ ಪುಸ್ತಕದ ನಲವತ್ತು ಪ್ರತಿ ಬೇಡ, ಬೇರೆ ಬೇರೆ ನಲವತ್ತು. ಒಂದಷ್ಟನ್ನು ಲ್ಯಾಮಿನೇಷನ್‌ಗೆ ತೆಗೆದಿಡಿ, ಜುಲೈ ತಿಂಗಳ ಥಂಡಿಗೆ ನಿಮ್ಮ ಕಡೆ ಕಾಗದ ಬೂಷ್ಟು ಹಿಡಿಯುತ್ತದೆ, ಗೋಂದು ಬಿಟ್ಟುಕೊಳ್ಳುತ್ತದೆ. ಸಿದ್ಧವಾದ ಪಟ್ಟಿಗಳನ್ನು ಹಳೆಯ ಲಗ್ನಪತ್ರಿಕೆಯ ಕವರುಗಳಲ್ಲಿ ಹಾಕಿ ಮುಚ್ಚಳವಿರುವ ತಗಡಿನ ಡಬ್ಬದಲ್ಲಿಡಿ.

ಡ್ರಾಯಿಂಗ್ ಶೀಟಿಗೆ ಮಾತ್ರ ಹಣ ಖರ್ಚು ಮಾಡಬೇಡಿ. ಗೋಡೆಯ ಮೇಲಿರುವ ಚಾರ್ಟುಗಳಲ್ಲಿ ಎರಡನ್ನು ಉಳಿಸಿಕೊಂಡು ಬೇರೆಯವನ್ನು ಇಳಿಸಿ, ಹಿಂಬದಿಯ ಬಿಳಿ ಭಾಗ ಮೇಲೆ ಬರುವಂತೆ ಬೆಂಚಿನ ಮೇಲೆ ಹರಡಿ, ಗೇಣು ಅಗಲದ ಪಟ್ಟಿಗಳಾಗಿ ಮಕ್ಕಳಿಂದಲೇ ಕತ್ತರಿಸಿ. ಆನೆಗೂ ಲಾರಿಗೂ ಬೇಕಾದಷ್ಟು ಕಾಗದ ಅಲ್ಲೇ ಸಿಗುತ್ತದೆ.